ಅಮೆರಿಕದ ಕಾಲೇಜು ಅರ್ಜಿಯಲ್ಲಿ ‘ನಿಮಗಿಷ್ಟದ ತಿಂಡಿ ಯಾವುದು’ ಅಂತ ಕೇಳಿದ್ದಾರೆ. ಮಗಳು ಏನು ಬರೆಯಬೇಕು?

ಅವಳಿಗೆ ಯಾವ ತಿಂಡಿ ಇಷ್ಟವೋ ಅದನ್ನೇ ಬರೆಯಲಿ. ಕೋಚಿಂಗ್‌ನವರು ‘ಡಾರ್ಕ್ ಚಾಕೊಲೇಟ್’ ಅಂತ ಬರೆಸಿದ್ದಾರೆ, ಅದು ಸರಿಯಾ ಅಂತ ಕೇಳಿದ್ದೀರಿ. ಅವಳು ಅದನ್ನು ನಿಜಕ್ಕೂ ಇಷ್ಟಪಟ್ಟು ತಿನ್ನುತ್ತಾಳಾದರೆ ಸರಿ, ಇಲ್ಲದಿದ್ದರೆ ತೆಗೆಸಿಬಿಡಿ. ಸಿಇಟಿ ಹಾಗೆ ಇಲ್ಲಿ ಕೀ ಆನ್ಸರ್ ಇಲ್ಲ.

ನಾನಿರುವುದು ನ್ಯೂಜೆರ್ಸಿಯಲ್ಲಿ. ಪರಿಚಯದವರ ಮಕ್ಕಳು ಅರ್ಜಿ ಕಳಿಸುವ ಮೊದಲು ಒಮ್ಮೆ ಓದಿಕೊಡುತ್ತೇನೆ. ನೀವು ಹೇಳಿದ ಪ್ರಶ್ನೆಗಳು ಲಾಸ್ ಏಂಜಲೀಸ್‌ನ ಯುಎಸ್‌ಸಿ, ಅಂದರೆ ಯೂನಿವರ್ಸಿಟಿ ಆಫ್ ಸದರ್ನ್ ಕ್ಯಾಲಿಫೋರ್ನಿಯಾದವು. ಇಷ್ಟದ ತಿಂಡಿ, ಕನಸಿನ ಪ್ರವಾಸ, ರೂಮ್‌ಮೇಟ್ ಆಗಿ ಯಾರು ಬೇಕು, ಹೀಗೆ ಕೇಳುತ್ತಾರೆ. ಒಂದೊಂದಕ್ಕೂ 100 ಅಕ್ಷರ, ಅಷ್ಟೇ. ಯೇಲ್‌ನಲ್ಲಿ 200 ಅಕ್ಷರದ ಪ್ರಶ್ನೆಗಳಿವೆ. ಪ್ರಿನ್ಸ್‌ಟನ್‌ನವರು ‘ನಿಮಗೆ ಖುಷಿ ಕೊಡುವುದು ಏನು’ ಅಂತ ಕೇಳಿ 50 ಪದ ಕೊಡುತ್ತಾರೆ. ಪ್ರಶ್ನೆಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ, ಈ ವರ್ಷದ ಫಾರ್ಮನ್ನೇ ನೋಡಿಕೊಳ್ಳಿ. ಷಿಕಾಗೋ ವಿಶ್ವವಿದ್ಯಾಲಯದ ‘ಎಕ್ಸ್ ಕಂಡುಹಿಡಿಯಿರಿ’ ಥರದ ಪ್ರಶ್ನೆಗಳು ಬೇರೆ. ಅವಕ್ಕೆ ಪ್ರಬಂಧವನ್ನೇ ಬರೆಯಬೇಕು.

ಯಾಕೆ ಕೇಳುತ್ತಾರೆ? ಎಷ್ಟೋ ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕುವ ಕಾಮನ್ ಆಪ್‌ನ 650 ಪದಗಳ ಪ್ರಬಂಧವನ್ನು ಟೀಚರ್, ಅಪ್ಪ, ಅಮ್ಮ, ಕೋಚಿಂಗ್‌ನವರು ಎಲ್ಲರೂ ತಿದ್ದಿರುತ್ತಾರೆ. ಅದರಲ್ಲಿ ಮಗುವಿನ ದನಿ ಎಷ್ಟೋ ಸಲ ಕೇಳಿಸುವುದೇ ಇಲ್ಲ. ಈ ಚಿಕ್ಕ ಉತ್ತರದಲ್ಲಿ ಕೇಳಿಸಬಹುದು. ಹಾಗಾಗಿ ನನ್ನ ಮಟ್ಟಿಗೆ ಇವನ್ನು ಕೊನೆಗೆ ಸುಮ್ನೆ ತುಂಬಿಸಿ ಕಳಿಸುವುದು ದೊಡ್ಡ ನಷ್ಟ.

ದಾವಣಗೆರೆಯ ಹುಡುಗನೊಬ್ಬ ಇದೇ ಪ್ರಶ್ನೆಗೆ ‘ಹಣ್ಣು, ಡ್ರೈಫ್ರೂಟ್ಸ್’ ಅಂತ ಬರೆದಿದ್ದ. ಫೋನಿನಲ್ಲಿ ಕೇಳಿದೆ, “ಟ್ಯೂಷನ್ ಮುಗಿಸಿ ಬರುವಾಗ ಏನಪ್ಪಾ ತಿನ್ನುತ್ತಿದ್ದೆ?” “ಮಂಡಕ್ಕಿ, ಮಿರ್ಚಿ. ಇನ್ನೇನು ಆಂಟಿ!” ಅಂದ. ಹಾಗಾದರೆ ಅದನ್ನೇ ಬರಿ ಅಂದೆ. ಮೊದಲು ಬರೀ ಹೆಸರು ಬರೆದ. ಓದುವವರಿಗೆ ಅರ್ಥವಾಗಲ್ಲ. ಆಮೇಲೆ ದಾವಣಗೆರೆಯ ಇತಿಹಾಸವನ್ನೆಲ್ಲ ತುರುಕಿದ, 100 ಅಕ್ಷರ ದಾಟಿತು. ಕೊನೆಗೆ ಉಳಿದದ್ದು ಇಷ್ಟು: ‘ಖಾರ ಮಂಡಕ್ಕಿ, ಬಿಸಿ ಮಿರ್ಚಿ ಬಜ್ಜಿ. ಮೆತ್ತಗಾಗುವ ಮೊದಲು ನಿಂತೇ ತಿನ್ನಬೇಕು.’ ಇಂಗ್ಲಿಷಿನಲ್ಲೂ ಇಷ್ಟೇ ಪುಟ್ಟದು. ಆ ‘ನಿಂತೇ ತಿನ್ನಬೇಕು’ ಅನ್ನುವುದರಲ್ಲಿ ಹುಡುಗ ಕಾಣಿಸುತ್ತಾನೆ ಅಲ್ವಾ?

ಮೂರು ಪದಗಳಲ್ಲಿ ನಿಮ್ಮ ಬಗ್ಗೆ ಹೇಳಿ ಅನ್ನುವುದು ಇದಕ್ಕಿಂತ ಕಷ್ಟ. ಹೆಚ್ಚಿನವರು ‘ಹಾರ್ಡ್‌ವರ್ಕಿಂಗ್, ಸಿನ್ಸಿಯರ್, ಡೆಡಿಕೇಟೆಡ್’ ಅಂತ ಬರೆಯುತ್ತಾರೆ. ಅದು ಒಂದೇ ಮಾತನ್ನು ಮೂರು ಸಲ ಹೇಳಿದ ಹಾಗೆ. ಅಂಕಪಟ್ಟಿಯಲ್ಲೇ ಅದು ಗೊತ್ತಾಗುತ್ತದೆ. ಒಂದು ಪದ ಸ್ವಭಾವದ್ದು, ಇನ್ನೊಂದು ಮನೆಯಲ್ಲಿ ಎಲ್ಲರೂ ಅವಳನ್ನು ರೇಗಿಸುವ ಅಭ್ಯಾಸದ್ದು, ಮತ್ತೊಂದು ಅವಳು ಗಂಟೆಗಟ್ಟಲೆ ಮುಳುಗಿಹೋಗುವ ಕೆಲಸದ್ದು ಇರಲಿ. ಮೂರೂ ಬೇರೆ ಬೇರೆ ದಿಕ್ಕಿನಿಂದ ಬರಬೇಕು. ಚಟುವಟಿಕೆಗಳ ಪಟ್ಟಿಯಲ್ಲಿ ರೋಬೋಟಿಕ್ಸ್ ಬಂದಾಗಿದ್ದರೆ ಇಲ್ಲಿ ಮತ್ತೆ ಬೇಡ.

ಹಾಡು, ಪುಸ್ತಕ ಕೇಳಿದರೆ ಕನ್ನಡದ್ದು ಬರೆಯಲು ಹಿಂಜರಿಯಬೇಡಿ. ಅವಳು ದಿನಾ ಕೇಳುವುದು ಕನ್ನಡ ಹಾಡಾದರೆ ಅದೇ ಇರಲಿ. ಓದದ ಇಂಗ್ಲಿಷ್ ಕಾದಂಬರಿಯ ಹೆಸರು ಮಾತ್ರ ಖಂಡಿತ ಬೇಡ.

ಇನ್ನೊಂದು ಮಾತು, ತಪ್ಪು ತಿಳಿಯಬೇಡಿ. ಅವಳು ಬರೆಯುವಾಗ ನೀವು ಪಕ್ಕದಲ್ಲಿ ಕೂರಬೇಡಿ. ಅಪ್ಪ ಅಮ್ಮ ಎದುರಿಗಿದ್ದರೆ ಮಕ್ಕಳು ಅವರು ಮೆಚ್ಚುವ ಉತ್ತರವನ್ನೇ ಕೊಡುತ್ತಾರೆ. ಗೆಳತಿಯೊಬ್ಬಳು ಪ್ರಶ್ನೆ ಓದಲಿ, ಇವಳು ಬಾಯಲ್ಲೇ ಉತ್ತರ ಹೇಳಲಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲಿ. ಬರೆದದ್ದಕ್ಕಿಂತ ಹೇಳಿದ್ದೇ ಎಷ್ಟೋ ಸಲ ಚೆನ್ನಾಗಿರುತ್ತದೆ. ಆಮೇಲೆ ಅಕ್ಷರ ಎಣಿಸಿ ಕತ್ತರಿಸಿದರಾಯಿತು. ಎಣಿಸುವಾಗ ಪದಗಳ ನಡುವಿನ ಖಾಲಿ ಜಾಗವನ್ನೂ ಸೇರಿಸಿ.

ಎಷ್ಟೋ ಕಾಲೇಜುಗಳಿಗೆ ಕೊನೆಯ ದಿನ ಜನವರಿ 1ರ ಆಸುಪಾಸಿನಲ್ಲಿ ಇರುತ್ತದೆ. ದೊಡ್ಡ ಪ್ರಬಂಧ ಮುಗಿಯಲಿ ಅಂತ ಕಾಯದೆ ಈ ಉತ್ತರಗಳನ್ನು ಈಗಲೇ ಶುರು ಮಾಡಿಸಿ. ಬರೆದದ್ದನ್ನು ಒಂದು ವಾರ ಬಿಟ್ಟು ಅವಳೇ ಮತ್ತೆ ಓದಿ ನೋಡಲಿ.