ಹಡಗಿನ ಹೆಸರು ಆಮೇಲೆ, ಮೊದಲು ಮಕ್ಕಳ ವಯಸ್ಸು ಹೇಳಿ

ಕ್ರೂಸ್ ಹಡಗುಗಳ ಈಜುಕೊಳ ಮತ್ತು ಮಕ್ಕಳ ವಿಭಾಗದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ್ದೇನೆ. ಈಗ ಕುಟುಂಬಗಳಿಗೆ ಹಡಗು ಆರಿಸಿಕೊಳ್ಳಲು ಸಲಹೆ ಕೊಡುತ್ತೇನೆ. ರಜೆ ಹತ್ತಿರ ಬಂತು ಅಂದರೆ ಅದೇ ಐದಾರು ಪ್ರಶ್ನೆಗಳು ತಿರುಗಿ ತಿರುಗಿ ಬರುತ್ತವೆ. ಒಬ್ಬೊಬ್ಬರಿಗೇ ಬರೆದು ಸಾಕಾಗಿದೆ, ಹಾಗಾಗಿ ಎಲ್ಲವನ್ನೂ ಇಲ್ಲಿ ಒಟ್ಟಿಗೆ ಹೇಳುತ್ತೇನೆ. ಟಿಕೆಟ್ ಬುಕ್ ಮಾಡುವುದು ಹೇಗೆ, ಸೂಟ್‌ಕೇಸಿನಲ್ಲಿ ಏನೇನು ಇಡಬೇಕು ಅನ್ನುವುದನ್ನೆಲ್ಲ ಬಿಟ್ಟಿದ್ದೇನೆ. ಅದು ನಿಮಗೇ ಗೊತ್ತು.

ಪ್ರಶ್ನೆ: ಏಳು ರಾತ್ರಿಯ ಕೆರಿಬಿಯನ್ ಪ್ರವಾಸಕ್ಕೆ ಹೊರಟಿದ್ದೇವೆ. ‘ಐಕಾನ್ ಆಫ್ ದ ಸೀಸ್’ ಮತ್ತು ‘ಡಿಸ್ನಿ ಟ್ರೆಷರ್’ ಹಡಗುಗಳ ನಡುವೆ ತೀರ್ಮಾನಿಸಲು ಆಗುತ್ತಿಲ್ಲ. ಐಕಾನ್ ತುಂಬಾ ದೊಡ್ಡದು, ಜನಜಂಗುಳಿ ಜಾಸ್ತಿ ಅಂತಾರೆ. ಹೋಗುವುದು ಶಾಲೆಯ ರಜೆಯಲ್ಲಿ. ಮಕ್ಕಳಿಗೆ 9 ವರ್ಷ, 4 ವರ್ಷ ಮತ್ತು 20 ತಿಂಗಳು. ಜೊತೆಗೆ ಅತ್ತೆ ಇರುತ್ತಾರೆ, ಅವರಿಗೆ ಮಂಡಿ ನೋವು. ಯಾವುದು ಒಳ್ಳೆಯದು?

ಉತ್ತರ: ನಿಮ್ಮ ಪತ್ರದಲ್ಲಿ ಮಕ್ಕಳ ವಯಸ್ಸು ಕೊನೆಯಲ್ಲಿದೆ. ಎಲ್ಲರ ಪತ್ರದಲ್ಲೂ ಹೀಗೇ. ಕೆಲವರಂತೂ ವಯಸ್ಸು ಬರೆಯುವುದೇ ಇಲ್ಲ. ಎರಡು ಹಡಗಿನ ಹೆಸರು ಬರೆದು ಯಾವುದು ಒಳ್ಳೆಯದು ಅಂತ ಕೇಳಿದರೆ ನಾನು ಏನು ಹೇಳಲಿ? ನಿಮ್ಮ ಮನೆಯಲ್ಲಿ ಹಡಗನ್ನು ಆರಿಸಬೇಕಾದ್ದು ಆ 20 ತಿಂಗಳ ಮಗು. ಅದು ಎಲ್ಲಿ ಆಡುತ್ತೆ, ಎಲ್ಲಿ ಮಲಗುತ್ತೆ, ಅಷ್ಟು ಹೊತ್ತು ಯಾರು ಅದರ ಜೊತೆ ಇರುತ್ತಾರೆ ಅನ್ನುವುದರ ಮೇಲೆ ಉಳಿದ ಐದು ಜನರ ರಜೆ ನಿಂತಿದೆ.

ಮೊದಲು ಜನಜಂಗುಳಿಯ ವಿಷಯ. ಇದರ ಬಗ್ಗೆ ಹರಡಿರುವ ತಪ್ಪು ತಿಳಿವಳಿಕೆ ನೋಡಿದರೆ ನನಗೆ ಬೇಸರವಾಗುತ್ತೆ. ಐಕಾನ್‌ನ ಗ್ರಾಸ್ ಟನೇಜ್ 2,48,663. ಟ್ರೆಷರ್‌ನದು ಸುಮಾರು 1,44,000. ಇದು ತೂಕ ಅಲ್ಲ. ಹಡಗಿನ ಒಳಗೆ ಒಟ್ಟು ಎಷ್ಟು ಜಾಗ ಇದೆ ಅನ್ನುವುದರ ಅಳತೆ. ಇದನ್ನು ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಿದರೆ ತಲೆಗೆ ಎಷ್ಟು ಜಾಗ ಸಿಗುತ್ತೆ ಅಂತ ಅಂದಾಜು ಸಿಗುತ್ತೆ. ಎಂಜಿನ್ ಕೋಣೆ, ಸಿಬ್ಬಂದಿಯ ಕೋಣೆಗಳೂ ಇದರಲ್ಲಿ ಸೇರಿರುತ್ತವೆ. ಆದರೂ ಎರಡು ಹಡಗುಗಳನ್ನು ಹೋಲಿಸಲು ಇಷ್ಟು ಸಾಕು.

ಎಡವುವುದು ಎಲ್ಲಿ ಅಂದರೆ, ಯಾವ ಸಂಖ್ಯೆಯಿಂದ ಭಾಗಿಸಬೇಕು ಅನ್ನುವಲ್ಲಿ. ಕ್ಯಾಬಿನ್‌ಗೆ ಇಬ್ಬರು ಅಂತ ಲೆಕ್ಕ ಹಾಕಿದರೆ ಐಕಾನ್‌ನಲ್ಲಿ 5,610 ಜನ, ಟ್ರೆಷರ್‌ನಲ್ಲಿ ಸುಮಾರು 2,500. ತಲೆಗೆ 44 ಮತ್ತು 58 ಬರುತ್ತೆ. ಡಿಸ್ನಿ ಹಡಗು ಎಷ್ಟು ವಿಶಾಲ ಅಂತ ಎಲ್ಲರೂ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ರಜೆಯ ವಾರದಲ್ಲಿ ಕ್ಯಾಬಿನ್‌ಗೆ ಇಬ್ಬರೇ ಇರುತ್ತಾರಾ? ಸೋಫಾ ಮೇಲೆ ಒಂದು ಮಗು, ಮೇಲಿನ ಬಂಕ್‌ನಲ್ಲಿ ಇನ್ನೊಂದು. ಪೂರ್ತಿ ತುಂಬಿದರೆ ಐಕಾನ್‌ನಲ್ಲಿ 7,600 ಜನ, ಟ್ರೆಷರ್‌ನಲ್ಲಿ 4,000. ಈಗ ಭಾಗಿಸಿ ನೋಡಿ: 33 ಮತ್ತು 36. ಹೆಚ್ಚುಕಮ್ಮಿ ಒಂದೇ. ದೊಡ್ಡ ಹಡಗು ಅಂದರೆ ನೂಕುನುಗ್ಗಲು ಅನ್ನುವುದೂ ಸುಳ್ಳು, ಡಿಸ್ನಿ ಅಂದರೆ ಆರಾಮ ಅನ್ನುವುದೂ ಸುಳ್ಳು. ನೀವು ಹೋಗುವ ವಾರ ಯಾವುದು ಅನ್ನುವುದೇ ದೊಡ್ಡ ವಿಷಯ. ಎಲ್ಲ ಶಾಲೆಗಳಿಗೂ ರಜೆ ಇರುವಾಗ ಎರಡೂ ತುಂಬಿರುತ್ತವೆ.

ಅತ್ತೆಗೆ ನಡೆಯುವುದು ಕಷ್ಟ, ಹಾಗಾಗಿ ಚಿಕ್ಕ ಹಡಗು ವಾಸಿ ಅಂತ ನೀವು ಯೋಚಿಸುತ್ತಿರಬಹುದು. ಐಕಾನ್ 365 ಮೀಟರ್ ಉದ್ದ, ಟ್ರೆಷರ್ 341. 24 ಮೀಟರ್ ವ್ಯತ್ಯಾಸದಿಂದ ಮಂಡಿಗೆ ಏನೂ ಲಾಭ ಇಲ್ಲ. ಲಿಫ್ಟ್ ಹತ್ತಿರದ ಕ್ಯಾಬಿನ್ ತೆಗೆದುಕೊಳ್ಳಿ, ಲಾಭ ಅದರಲ್ಲಿದೆ.

ಈಗ ಮಗುವಿಗೆ ಬರೋಣ. ಡೈಪರ್ ಹಾಕುವ ಮಗುವನ್ನು ಈ ಹಡಗುಗಳ ಈಜುಕೊಳಕ್ಕೆ ಬಿಡುವುದಿಲ್ಲ. ಸ್ವಿಮ್ ಡೈಪರ್ ಹಾಕಿದರೂ ಇಲ್ಲ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಹಡಗು ನೈರ್ಮಲ್ಯ ಕಾರ್ಯಕ್ರಮದ ನಿಯಮ ಅದು, ಸಿಬ್ಬಂದಿಯ ಮೇಲೆ ರೇಗಬೇಡಿ. ಅಂಥ ಮಕ್ಕಳಿಗೆ ಅಂತಲೇ ಮಾಡಿದ ನೀರಾಟದ ಜಾಗಕ್ಕೆ ಮಾತ್ರ ಬಿಡುತ್ತಾರೆ. ಹಡಗಿನ ನಕ್ಷೆಯಲ್ಲಿ ಅದು ಎಲ್ಲಿದೆ, ಎಷ್ಟು ದೊಡ್ಡದಿದೆ, ಪಕ್ಕದಲ್ಲಿ ನೆರಳಿದೆಯಾ ನೋಡಿ. ಜಾಹೀರಾತಿನ ಜಾರುಬಂಡೆ ಎಷ್ಟು ಎತ್ತರ ಇದ್ದರೆ ಈ ಮಗುವಿಗೇನು?

ಐಕಾನ್‌ನಲ್ಲಿ ‘ಸರ್ಫ್‌ಸೈಡ್’ ಅಂತ ಒಂದು ಇಡೀ ಜಾಗವನ್ನು ಚಿಕ್ಕ ಮಕ್ಕಳಿರುವ ಕುಟುಂಬಗಳಿಗಾಗಿ ಮಾಡಿದ್ದಾರೆ. ನೀರಾಟ, ತಿರುಗುವ ಕುದುರೆಗಳು, ಊಟ, ದೊಡ್ಡವರು ಕೂರುವ ಜಾಗ ಎಲ್ಲ ಅಕ್ಕಪಕ್ಕದಲ್ಲೇ. ಅತ್ತೆ ಒಂದು ಕಡೆ ಕೂತು ನಾಲ್ಕು ವರ್ಷದವನನ್ನು ಕಣ್ಣಳತೆಯಲ್ಲಿ ಇಟ್ಟುಕೊಳ್ಳಬಹುದು. 9 ವರ್ಷದವರಿಗೆ ಆರು ಜಾರುಬಂಡೆಗಳ ವಾಟರ್ ಪಾರ್ಕ್ ಬೇರೆ ಇದೆ. ಪ್ರತಿಯೊಂದು ಜಾರುಬಂಡೆಗೂ ಎತ್ತರದ ಮಿತಿ ಇರುತ್ತೆ. ಬರಿಗಾಲಲ್ಲಿ ನಿಲ್ಲಿಸಿ ಮನೆಯಲ್ಲೇ ಅಳೆದುಕೊಂಡು ಹೋಗಿ. ಅಲ್ಲಿ ಸಾಲಿನಲ್ಲಿ ಅರ್ಧ ಗಂಟೆ ನಿಂತು ವಾಪಸ್ ಬಂದ ಮಕ್ಕಳ ಮುಖ ನಾನು ನೋಡಿದ್ದೇನೆ.

ಟ್ರೆಷರ್‌ನ ಬಲ ಬೇರೆ ಕಡೆ ಇದೆ. ಹೆಚ್ಚಿನ ಕ್ಯಾಬಿನ್‌ಗಳಲ್ಲಿ ಸ್ನಾನದ ಮನೆ ಬೇರೆ, ಶೌಚಾಲಯ ಬೇರೆ. ಮೂರು ಮಕ್ಕಳನ್ನು ಬೆಳಗ್ಗೆ ಹೊರಡಿಸುವವರಿಗೆ ಇದು ಎಷ್ಟು ದೊಡ್ಡ ಉಪಕಾರ ಅಂತ ಬೇರೆ ಹೇಳಬೇಕಾಗಿಲ್ಲ. ದಿನಕ್ಕೊಂದು ರೆಸ್ಟೋರೆಂಟ್ ಬದಲಾದರೂ ಬಡಿಸುವವರು ನಿಮ್ಮ ಜೊತೆಗೇ ಬರುತ್ತಾರೆ. ಹೊಸ ಮುಖ ಕಂಡರೆ ಊಟ ಬಿಡುವ ಮಗುವಿಗೆ ಇದು ಒಳ್ಳೆಯದು. ಕ್ಯಾಸಿನೋ ಇಲ್ಲ. ಮಕ್ಕಳ ಕ್ಲಬ್ 3ರಿಂದ 10 ವರ್ಷದವರಿಗೆ ಒಂದೇ. ಅಂದರೆ ನಿಮ್ಮ ಎರಡು ದೊಡ್ಡ ಮಕ್ಕಳು ಅಲ್ಲಿ ಒಟ್ಟಿಗೆ ಇರಬಹುದು. 20 ತಿಂಗಳ ಮಗುವಿಗೆ ಎರಡೂ ಹಡಗಿನಲ್ಲಿ ನರ್ಸರಿ ಇದೆ, ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಡಬೇಕು. ಜಾಗ ಕಡಿಮೆ, ಬೇಗ ತುಂಬಿಹೋಗುತ್ತೆ. ಬುಕಿಂಗ್ ತೆರೆದ ದಿನವೇ ಕೂತು ಮಾಡಿ.

ನಿಮ್ಮ ಕುಟುಂಬಕ್ಕೆ ನಾನು ಹೇಳುವುದು ಐಕಾನ್. ಮೂರು ಮಕ್ಕಳ ವಯಸ್ಸಿನ ನಡುವೆ ಇಷ್ಟು ಅಂತರ ಇರುವಾಗ, ಚಿಕ್ಕವರ ಜಾಗ ಮತ್ತು ದೊಡ್ಡವರ ಜಾಗ ಬೇರೆ ಬೇರೆ ಇರುವ ಹಡಗು ವಾಸಿ. ದೊಡ್ಡ ಮಗುವಿಗೆ 9 ಬದಲು 5 ಆಗಿದ್ದರೆ ಕಣ್ಣು ಮುಚ್ಚಿಕೊಂಡು ಟ್ರೆಷರ್ ಅನ್ನುತ್ತಿದ್ದೆ.

ಆದರೆ ಕ್ಯಾಬಿನ್ ವಿಷಯದಲ್ಲಿ ನನ್ನ ಮಾತು ಕೇಳಿ. ಸರ್ಫ್‌ಸೈಡ್ ಕಡೆ ಮುಖ ಮಾಡಿದ ಕ್ಯಾಬಿನ್‌ಗಳಿವೆ, ಅವು ಬೇಡ. ನಿಮ್ಮ ಮಗು ಮಧ್ಯಾಹ್ನ ಮಲಗುವ ಹೊತ್ತಿಗೇ ಹೊರಗೆ ಗಲಾಟೆ ಜೋರಾಗಿರುತ್ತೆ. ಈಜುಕೊಳ ಇರುವ ಡೆಕ್‌ನ, ಅಂದರೆ ಹಡಗಿನ ಆ ಮಹಡಿಯ, ಕೆಳಗಿನ ಕ್ಯಾಬಿನ್ನೂ ಬೇಡ, ಬೆಳಗಿನ ಜಾವವೇ ಕುರ್ಚಿ ಎಳೆಯುವ ಸದ್ದು ತಲೆ ಮೇಲೆ. ಮೇಲೂ ಕ್ಯಾಬಿನ್, ಕೆಳಗೂ ಕ್ಯಾಬಿನ್ ಇರುವ ಡೆಕ್ ಆರಿಸಿ. ಆರು ಜನಕ್ಕೆ ನಡುವೆ ಬಾಗಿಲಿರುವ ಎರಡು ಕ್ಯಾಬಿನ್ ತೆಗೆದುಕೊಳ್ಳಿ. ಒಂದರಲ್ಲೇ ನಾಲ್ಕು ಜನ ಮತ್ತು ಮಗು ಅಂದರೆ ಹೇಗಿರುತ್ತೆ ಗೊತ್ತಾ? ಸೋಫಾ ಬಿಚ್ಚಿ ಹಾಸಿಗೆ ಮಾಡಿ, ಬಂಕ್ ಇಳಿಸಿ, ಮಗುವಿನ ಮಂಚ ಇಟ್ಟರೆ ಬಾತ್‌ರೂಮಿಗೆ ಅಡ್ಡಡ್ಡ ನಡೆದು ಹೋಗಬೇಕು. ರಾತ್ರಿ ಎರಡು ಗಂಟೆಗೆ, ಕತ್ತಲಲ್ಲಿ, ಮಗು ಎತ್ತಿಕೊಂಡು.

ಬಾಲ್ಕನಿಯೂ ಬೇಡ ಅನ್ನುತ್ತೇನೆ. ಕಟಕಟೆ ಗಟ್ಟಿ ಇರುತ್ತೆ, ಎತ್ತರವೂ ಇರುತ್ತೆ. ಆದರೆ ಅಲ್ಲೇ ಕುರ್ಚಿ ಇರುತ್ತೆ, ನಾಲ್ಕು ವರ್ಷದ ಮಗುವಿಗೆ ಕುರ್ಚಿ ಎಳೆಯಲು ಬರುತ್ತೆ. ನನ್ನದು ಜಾಸ್ತಿ ಎಚ್ಚರಿಕೆ ಅಂತ ಅನೇಕರು ಹೇಳಿದ್ದಾರೆ. ಇರಲಿ. ಐದು ವರ್ಷದೊಳಗಿನ ಮಗು ಇರುವ ಯಾರಿಗೂ ನಾನು ಬಾಲ್ಕನಿ ಸೂಚಿಸಿಲ್ಲ, ಸೂಚಿಸುವುದೂ ಇಲ್ಲ.

ಪ್ರಶ್ನೆ: ಎರಡು ಕ್ಯಾಬಿನ್ ಖಾಲಿ ಕಾಣಿಸುತ್ತಿದ್ದರೂ ಮೂರನೆಯವರಿಗೆ ಜಾಗ ಇಲ್ಲ ಅಂತಾರೆ. ಏಜೆಂಟ್ ಮೋಸ ಮಾಡುತ್ತಿದ್ದಾನಾ?

ಉತ್ತರ: ಇಲ್ಲ. ಪ್ರತಿ ಕ್ಯಾಬಿನ್ನೂ ಒಂದು ಲೈಫ್‌ಬೋಟ್ ಗುಂಪಿಗೆ ಸೇರಿರುತ್ತೆ. ಆ ದೋಣಿಯ ಲೆಕ್ಕ ತುಂಬಿದರೆ ಹಾಸಿಗೆ ಖಾಲಿ ಇದ್ದರೂ ಕೊಡುವಂತಿಲ್ಲ. ಹಡಗಿನ ಬೇರೆ ಭಾಗದಲ್ಲಿ ಹುಡುಕಿ. ಆದರೆ ‘ಈಗ ಗ್ಯಾರಂಟಿ ಕ್ಯಾಬಿನ್ ತಗೊಳ್ಳಿ, ಆಮೇಲೆ ಅಕ್ಕಪಕ್ಕ ಮಾಡಿಸಿಕೊಡ್ತೀನಿ’ ಅನ್ನುವ ಏಜೆಂಟ್ ಇದ್ದರೆ ಅವನನ್ನು ನಂಬಬೇಡಿ. ಗ್ಯಾರಂಟಿ ಅಂದರೆ ಕ್ಯಾಬಿನ್ ಆರಿಸುವ ಹಕ್ಕನ್ನು ನೀವು ಕಂಪನಿಗೆ ಬಿಟ್ಟುಕೊಟ್ಟಿರಿ ಅಂತ.

ಪ್ರಶ್ನೆ: ಹೊಸ ಹಡಗೇ ಯಾವಾಗಲೂ ಒಳ್ಳೆಯದಲ್ಲವೇ?

ಉತ್ತರ: ಅಲ್ಲ.

ಪ್ರಶ್ನೆ: ಮಗಳಿಗೆ 6 ವರ್ಷ, ಕಾರಿನಲ್ಲೇ ವಾಂತಿ ಮಾಡುತ್ತಾಳೆ. ಕೈಗೆ ಕಟ್ಟುವ ಒತ್ತಡದ ಪಟ್ಟಿ ಸಾಕಾ? ನಾವು ಬಳಸುವ, ಕಿವಿ ಹಿಂದೆ ಅಂಟಿಸುವ ಪ್ಯಾಚ್ ಅವಳಿಗೂ ಹಾಕಬಹುದಾ?

ಉತ್ತರ: ಪ್ಯಾಚ್ ಹಾಕಲೇಬೇಡಿ. ಅದರಲ್ಲಿರುವುದು ಸ್ಕೋಪಲಮೀನ್ ಅನ್ನುವ ಔಷಧಿ. ಅದು ದೊಡ್ಡವರಿಗೆ, ಮಕ್ಕಳಿಗೆ ಅಲ್ಲ. ಅರ್ಧ ಕತ್ತರಿಸಿ ಹಾಕಿದೆವು ಅಂತ ಹೇಳಿದ ಅಪ್ಪ ಅಮ್ಮಂದಿರು ನನಗೆ ಸಿಕ್ಕಿದ್ದಾರೆ. ಇಂಥ ಸಲಹೆ ಕೊಡುವವರು ಯಾರೋ, ಅನುಭವಿಸುವುದು ಮಗು. ಮಕ್ಕಳಿಗೆ ಭ್ರಮೆ, ಗೊಂದಲ ಬರುವ ಅಪಾಯ ಇದೆ. ಕೈಪಟ್ಟಿಯಿಂದ ಅಪಾಯ ಇಲ್ಲ, ಆದರೆ ಕೆಲಸ ಮಾಡುತ್ತೆ ಅನ್ನುವುದಕ್ಕೆ ಗಟ್ಟಿ ಪುರಾವೆಯೂ ಇಲ್ಲ. ಅದನ್ನೇ ನೂರು ಪಟ್ಟು ಹೊಗಳಿ ಮಾರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತೆ. ಪ್ರಯಾಣದಲ್ಲಿ ವಾಂತಿ ಬರುವ ತೊಂದರೆ 2ರಿಂದ 12 ವರ್ಷದವರಿಗೇ ಜಾಸ್ತಿ. ಹೊರಡುವ ಮೊದಲೇ ಮಕ್ಕಳ ಡಾಕ್ಟರ ಹತ್ತಿರ ಮಾತಾಡಿ, ಅವರು ಹೇಳಿದ ಔಷಧಿ, ಅವರು ಹೇಳಿದಷ್ಟೇ. ಕ್ಯಾಬಿನ್ ಹಡಗಿನ ನಡುಭಾಗದಲ್ಲಿ, ಕೆಳಗಿನ ಡೆಕ್‌ನಲ್ಲಿ ಇರಲಿ. ಅಲ್ಲಿ ಅಲುಗಾಟ ಕಡಿಮೆ. ವಾಕರಿಕೆ ಬಂದರೆ ಹೊರಗೆ ಕರೆದುಕೊಂಡು ಬಂದು ದೂರದ ದಿಗಂತ ತೋರಿಸಿ, ಮೊಬೈಲ್ ಕೊಡಬೇಡಿ.

ಪ್ರಶ್ನೆ: ಹೊಟ್ಟೆ ಕೆಡದ ಹಾಗೆ ಸ್ಯಾನಿಟೈಸರ್ ಬಾಟಲಿ ಎಷ್ಟು ಒಯ್ಯಬೇಕು?

ಉತ್ತರ: ಹಡಗಿನಲ್ಲಿ ಹೆಚ್ಚಾಗಿ ಕಾಡುವುದು ವಾಂತಿ ಭೇದಿ ತರುವ ನೊರೋವೈರಸ್. ಸ್ಯಾನಿಟೈಸರ್‌ಗೆ ಅದು ಅಷ್ಟಾಗಿ ಜಗ್ಗುವುದಿಲ್ಲ. ಸೋಪು, ನೀರು, ಇಪ್ಪತ್ತು ಸೆಕೆಂಡ್.

ಪ್ರಶ್ನೆ: ಲೈಫ್‌ಗಾರ್ಡ್ ಇರುವ ಹಡಗು ಆರಿಸಿದರೆ ನಾವು ಸ್ವಲ್ಪ ನಿಶ್ಚಿಂತೆಯಿಂದ ಕೂರಬಹುದು ಅಲ್ವಾ?

ಉತ್ತರ: ಲೈಫ್‌ಗಾರ್ಡ್ ಇರುವ ಹಡಗನ್ನೇ ಆರಿಸಿ. ಎಲ್ಲ ಕಂಪನಿಗಳೂ ಇಡುವುದಿಲ್ಲ, ಬುಕ್ ಮಾಡುವ ಮೊದಲೇ ಕೇಳಿ. ನಿಶ್ಚಿಂತೆ ಮಾತ್ರ ಬೇಡ.

ಒಂದು ರಜೆಯ ವಾರ ನಾನು ಈಜುಕೊಳದ ಪಕ್ಕ ಕೆಲಸದಲ್ಲಿದ್ದೆ. ಮಧ್ಯಾಹ್ನ, ಸಂಗೀತ ಜೋರಾಗಿತ್ತು, ನೀರಿಗಿಂತ ಜನವೇ ಜಾಸ್ತಿ ಕಾಣುತ್ತಿದ್ದರು. ಹಳದಿ ಚಡ್ಡಿಯ ಒಬ್ಬ ಹುಡುಗ ಅಂಚಿನಿಂದ ಎರಡು ಅಡಿ ದೂರದಲ್ಲಿದ್ದ. ಕೂಗಲಿಲ್ಲ. ಕೈ ಬೀಸಲಿಲ್ಲ. ಬಾಯಿ ನೀರಿನ ಮಟ್ಟಕ್ಕೆ ಇತ್ತು, ತಲೆ ಹಿಂದಕ್ಕೆ ವಾಲಿತ್ತು, ಕೂದಲು ಕಣ್ಣ ಮೇಲೆ ಬಿದ್ದಿದ್ದರೂ ಸರಿಸಿಕೊಳ್ಳುತ್ತಿರಲಿಲ್ಲ. ಸುತ್ತ ಇದ್ದವರೆಲ್ಲ ಅವನು ಆಡುತ್ತಿದ್ದಾನೆ ಅಂದುಕೊಂಡಿದ್ದರು. ನಾನು ಹಾಕಿದ್ದ ಶೂ ಸಮೇತ ಇಳಿದು ಎತ್ತಿದೆ. ಅವನ ಅಪ್ಪ ನಾಲ್ಕೇ ಹೆಜ್ಜೆ ದೂರದ ಕುರ್ಚಿಯಲ್ಲಿದ್ದರು, ಒಳ್ಳೆಯ ಮನುಷ್ಯ, ಫೋನ್ ನೋಡುತ್ತಿದ್ದರು ಅಷ್ಟೇ. ಹುಡುಗ ಕೆಮ್ಮಿ, ಅತ್ತು, ಸಂಜೆಗೆ ಸರಿಹೋದ.

ಈಜು ಬಾರದ ಮಗು ನೀರಿನಲ್ಲಿದ್ದರೆ ನೀವೂ ನೀರಿನಲ್ಲಿರಿ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಇಬ್ಬರು ದೊಡ್ಡವರಿದ್ದರೆ ‘ಈಗ ನೋಡುವುದು ನಾನು’ ಅಂತ ಬಾಯಿಬಿಟ್ಟು ಹೇಳಿ ಸರದಿ ಬದಲಿಸಿ. ಹತ್ತಿದ ದಿನವೇ ಮಕ್ಕಳ ಅಳತೆಯ ಲೈಫ್ ಜಾಕೆಟ್ ಎಲ್ಲಿ ಸಿಗುತ್ತೆ ಅಂತ ಕೇಳಿ, ಒಂದು ಸಲ ಹಾಕಿಸಿ ನೋಡಿ.