ಹೆಸರಿದೆ, ಆದರೆ ಮನೆ ಸಿಗ್ತಿಲ್ಲ

ಪ್ರಶ್ನೆ: ಮನೆಯಲ್ಲಿ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿ ಫೋಟೊಗಳನ್ನೆಲ್ಲ ಅದರಲ್ಲಿ ಇಟ್ಟಿದ್ದೇನೆ. ರೂಟರ್ ಆಫ್ ಆಗಿ ಆನ್ ಆದಾಗೆಲ್ಲ ಐಪಿ (ಇಂಟರ್‌ನೆಟ್ಟಿನಲ್ಲಿ ಮನೆಯ ವಿಳಾಸ) ಬದಲಾಗುತ್ತದೆ. ಅದಕ್ಕೇ ಡೈನಾಮಿಕ್ ಡಿಎನ್‌ಎಸ್‌ನಲ್ಲಿ (ಡಿಡಿಎನ್‌ಎಸ್, ಬದಲಾಗುವ ಐಪಿಗೆ ಬದಲಾಗದ ಹೆಸರು ಕೊಡುವ ಸೇವೆ) ಒಂದು ಹೆಸರು ಪಡೆದು, ಹೊಸ ಐಪಿಯನ್ನು ಆ ಸೇವೆಗೆ ತಿಳಿಸುವ ಡಿಡಿಕ್ಲೈಂಟ್ ಎಂಬ ಪ್ರೋಗ್ರಾಂ ಹಾಕಿದೆ. ಅಪ್‌ಡೇಟ್ ಆಯಿತು ಎಂದು ಲಾಗ್ ಹೇಳುತ್ತದೆ. ಆದರೆ ಹೊರಗಿನಿಂದ ಆ ಹೆಸರನ್ನು ಪಿಂಗ್ ಮಾಡಿದರೆ 192.168.1.20 ಎಂದು ತೋರಿಸುತ್ತದೆ. ಏನು ತಪ್ಪಾಗಿದೆ?

ಉತ್ತರ: ಆ ನಂಬರಿನಲ್ಲೇ ಉತ್ತರ ಇದೆ. 192.168ರಿಂದ ಶುರುವಾಗುವ ವಿಳಾಸ ನಿಮ್ಮ ರೂಟರ್ ಮನೆಯೊಳಗೆ ಹಂಚಿದ್ದು. ಹೊರಗಿನವರಿಗೆ ಅದು ಉಪಯೋಗಕ್ಕೆ ಬರುವುದಿಲ್ಲ. ಡಿಡಿಕ್ಲೈಂಟ್ ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡ್ ನೋಡಿ, ಅಲ್ಲಿದ್ದ ವಿಳಾಸವನ್ನೇ ಕಳಿಸಿದೆ. ಕಾನ್ಫಿಗ್ ಫೈಲಿನಲ್ಲಿ ಇಂಟರ್‌ಫೇಸ್‌ನಿಂದ ಐಪಿ ತಗೋ ಎಂದಿರುವ ಸಾಲನ್ನು ವೆಬ್‌ನಿಂದ ತಗೋ ಎಂದು ಬದಲಿಸಿ, ಸರ್ವಿಸ್ ರೀಸ್ಟಾರ್ಟ್ ಮಾಡಿ. ಆಗ ಅದು ಹೊರಗಿನ ಒಂದು ಸರ್ವರನ್ನು ಕೇಳಿ ನಿಜವಾದ ಐಪಿ ತಿಳಿದುಕೊಳ್ಳುತ್ತದೆ. ನಿಮ್ಮ ರೂಟರಿನಲ್ಲೇ ಡಿಡಿಎನ್‌ಎಸ್ ಮೆನು ಇದ್ದರೆ ಇನ್ನೂ ಒಳ್ಳೆಯದು. ಐಪಿ ಬದಲಾಗಿದ್ದು ಮೊದಲು ಗೊತ್ತಾಗುವುದು ರೂಟರಿಗೇ ಅಲ್ವಾ?

ಅಷ್ಟಕ್ಕೇ ನಿಲ್ಲಿಸಬೇಡಿ. ರೂಟರಿನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ (ರೂಟರಿನ ಹೊರಬದಿಯ ವಿಳಾಸ) ಎಷ್ಟಿದೆ ನೋಡಿ. ಐಪಿ ತೋರಿಸುವ ಯಾವುದಾದರೂ ವೆಬ್‌ಸೈಟ್ ತೆರೆದು, ಎರಡನ್ನೂ ಹೋಲಿಸಿ. ಒಂದೇ ಇದ್ದರೆ, ಹೊರಗಿನ ಕರೆಯನ್ನು ರೂಟರ್ ಆ ಕಂಪ್ಯೂಟರಿಗೆ ದಾಟಿಸುವಂತೆ ಪೋರ್ಟ್ ಫಾರ್ವರ್ಡ್ ಮಾಡಿ ಮುಂದುವರಿಯಿರಿ. ವ್ಯಾನ್ ಐಪಿ 100.64ರಿಂದ 100.127ರೊಳಗಿನದಾಗಿದ್ದರೆ ನಿಮ್ಮ ಸಂಪರ್ಕ ಸಿಜಿನ್ಯಾಟ್ ಹಿಂದೆ ಇದೆ. ಅಂದರೆ ಒಂದೇ ಪಬ್ಲಿಕ್ ಐಪಿಯನ್ನು ಇಂಟರ್‌ನೆಟ್ ಕಂಪನಿ ಹಲವು ಗ್ರಾಹಕರಿಗೆ ಸೇರಿಸಿ ಕೊಟ್ಟಿದೆ. ಹೊರಗಿನಿಂದ ಬಂದ ಕರೆ ನಿಮ್ಮ ರೂಟರಿನವರೆಗೂ ಬರುವುದಿಲ್ಲ, ಹೆಸರು ಎಷ್ಟೇ ಸರಿ ಇದ್ದರೂ. ತುಂಬಾ ಜನ ಇಲ್ಲೇ ಸಿಕ್ಕಿಹಾಕಿಕೊಂಡು, ಸುಮ್ನೆ ಕ್ಲೈಂಟಿನ ಸೆಟ್ಟಿಂಗ್ ಬದಲಿಸುತ್ತಾ ಕೂರುತ್ತಾರೆ. ಕಂಪನಿಯವರನ್ನು ಪಬ್ಲಿಕ್ ಐಪಿ ಕೇಳಿ. ಇಲ್ಲವೇ ಐಪಿವಿ6 (ಐಪಿಯ ಹೊಸ ಆವೃತ್ತಿ) ಬಳಸಿ. ಐಪಿವಿ6ನಲ್ಲಿ ಒಂದೊಂದು ಸಾಧನಕ್ಕೂ ಅದರದ್ದೇ ವಿಳಾಸ. ಆದ್ದರಿಂದ ಡಿಡಿಕ್ಲೈಂಟ್ ಆ ಲಿನಕ್ಸ್ ಕಂಪ್ಯೂಟರಿನಲ್ಲೇ ಓಡಲಿ, ಫೈರ್‌ವಾಲಿನಲ್ಲಿ ದಾರಿಯನ್ನೂ ಬಿಡಿ.

ಐದು ನಿಮಿಷಕ್ಕೊಮ್ಮೆ ಪರೀಕ್ಷಿಸಿದರೆ ಸಾಕು. ಕಳೆದ ಸಲ ಕಳಿಸಿದ ಐಪಿಯನ್ನು ಡಿಡಿಕ್ಲೈಂಟ್ ನೆನಪಿಟ್ಟುಕೊಂಡು, ಬದಲಾದಾಗ ಮಾತ್ರ ಹೊಸದನ್ನು ಕಳಿಸುತ್ತದೆ. ನೀವೇ ಸ್ಕ್ರಿಪ್ಟ್ ಬರೆದು ಅದೇ ಐಪಿಯನ್ನು ಮತ್ತೆ ಮತ್ತೆ ಕಳಿಸಿದರೆ, ಕೆಲವು ಸೇವೆಗಳು ನಿಮ್ಮ ಹೆಸರನ್ನೇ ತಡೆಹಿಡಿಯುತ್ತವೆ.

ಇನ್ನೊಂದು ಮಾತು. ಮನೆಯವರ ಫೋಟೊಗಳಿರುವ ಪುಟವನ್ನು ನೇರವಾಗಿ ಇಂಟರ್‌ನೆಟ್ಟಿಗೆ ತೆರೆದಿಡಬೇಡಿ, ದಯವಿಟ್ಟು. ವೈರ್‌ಗಾರ್ಡ್ (ಫೋನಿನಿಂದ ಮನೆಗೆ ಸುರಕ್ಷಿತ ದಾರಿ ಮಾಡಿಕೊಡುವ ವಿಪಿಎನ್) ಹಾಕಿ, ಅದರ ಒಂದು ಪೋರ್ಟ್ ಮಾತ್ರ ತೆರೆಯಿರಿ. ವೈರ್‌ಗಾರ್ಡ್ ನಿಮ್ಮ ಹೆಸರಿನ ಐಪಿಯನ್ನು ಹುಡುಕುವುದು ಸಂಪರ್ಕ ಶುರುವಾಗುವಾಗ. ನಡುವೆ ಮನೆಯ ಐಪಿ ಬದಲಾಗಿ ಲೈನ್ ಸತ್ತಂತೆ ಕಂಡರೆ, ಫೋನಿನಲ್ಲಿ ವೈರ್‌ಗಾರ್ಡನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ.