ಯಾರೋ ಬೀದಿಗೆ ಬಿಟ್ಟ ದೊಡ್ಡ ನಾಯಿಯನ್ನು ಮನೆಗೆ ತರಬಹುದಾ?

ಹುಬ್ಬಳ್ಳಿಯಲ್ಲಿ ಬಾಡಿಗೆ ಮನೆ, ಆರು ವರ್ಷದ ಮಗಳು, ವಯಸ್ಸಾದ ಅತ್ತೆ. ಯಾರೋ ಬೀದಿಗೆ ಬಿಟ್ಟುಹೋದ ಮೂರು ವರ್ಷದ ನಾಯಿ, ನೋಡಲು ಮುಧೋಳ ತಳಿಯ ಹಾಗಿದೆ, ತರಬಹುದಾ ಅಂತ ಕೇಳಿದ್ದೀರಿ. ನನ್ನ ಉತ್ತರ: ತನ್ನಿ. ಆದರೆ ಮೊದಲ ಮೂರು ತಿಂಗಳು ಅದರಿಂದ ಏನನ್ನೂ ಕೇಳಬೇಡಿ, ಪ್ರೀತಿಯನ್ನೂ ಕೇಳಬೇಡಿ.

ನಾವಿರುವುದು ಧಾರವಾಡದಲ್ಲಿ. ನಾಲ್ಕು ವರ್ಷದ ಹಿಂದೆ ನಮ್ಮ ಮನೆಗೂ ಇಂಥದೇ ನಾಯಿ ಬಂತು. ಊರ ಹೊರಗೆ ಕೆಲಸ ನಿಂತುಹೋದ ಒಂದು ಲೇಔಟಿನಲ್ಲಿ ಸಿಕ್ಕಿತ್ತು. ಕುತ್ತಿಗೆಯಲ್ಲಿ ಹಗ್ಗ ಉಜ್ಜಿ ಆದ ಗಾಯ. ಬೀದಿ ನಾಯಿಗಳನ್ನು ನೋಡಿಕೊಳ್ಳುವ ಹುಡುಗನೊಬ್ಬ ಅದನ್ನು ಹಿಡಿದು ತಂದು ತನ್ನ ಮನೆಯ ಹಿತ್ತಲಲ್ಲಿ ಇಟ್ಟುಕೊಂಡಿದ್ದ. ಮುಧೋಳ ನಾಯಿ 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು, ಆಮೇಲೆ ಸೇನೆಯವರೂ ತರಬೇತಿಗೆ ತಗೊಂಡರು. ಹೆಸರು ಕೇಳಿ ಆಸೆಪಟ್ಟು ಮರಿ ತರುತ್ತಾರೆ. ಓಡುವುದಕ್ಕೇ ಹುಟ್ಟಿದ ಪ್ರಾಣಿಯನ್ನು ಗೇಟಿಗೆ ಕಟ್ಟುತ್ತಾರೆ. ಅದು ಒದರಾಡತೊಡಗಿದರೆ ಊರ ಹೊರಗೆ ಬಿಟ್ಟು ಬರುತ್ತಾರೆ. ಸಾಕಿದ ಪ್ರಾಣಿಯನ್ನು ಹೀಗೆ ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಅಪರಾಧ. ನನಗೆ ಈಗಲೂ ಆ ಗಾಯದ ಗುರುತು ಕಂಡರೆ ಸಿಟ್ಟು ಬರುತ್ತದೆ.

ಹಳೆಯ ಹೆಸರು ಯಾರಿಗೂ ಗೊತ್ತಿರಲಿಲ್ಲ. ನನ್ನ ಮಗ ದೂರದಲ್ಲಿ ಕೂತು ಒಂದೊಂದೇ ಹೆಸರು ಕರೆದ. ರಾಜಾ, ಟೈಗರ್, ಮೋತಿ, ರಾಕಿ. ರಾಣಾ ಅಂದಾಗ ಒಂದು ಕಿವಿ ಎತ್ತಿತು. ಅದೇ ಹೆಸರು ಇಟ್ಟೆವು. ಅಷ್ಟು ಬಿಟ್ಟರೆ ಮೊದಲ ಹತ್ತು ದಿನ ಮಂಚದ ಕೆಳಗಿಂದ ಹೊರಗೆ ಬರಲಿಲ್ಲ. ರಾತ್ರಿ ನಾವೆಲ್ಲ ಮಲಗಿದ ಮೇಲೆ ಬಂದು ತಿನ್ನುತ್ತಿತ್ತು. ನಾವು ಸುಮ್ನೆ ಬಿಟ್ಟೆವು. ಅದರ ಮೂಲೆಯಲ್ಲಿ ಹಳೆಯ ಕೌದಿ ಹಾಸಿ, ಅಲ್ಲಿ ಇದ್ದಾಗ ಯಾರೂ ಮುಟ್ಟಬಾರದು ಅಂತ ಮಾಡಿದೆವು. ನಿಮ್ಮ ಮನೆಯಲ್ಲೂ ಇದನ್ನೇ ಮಾಡಿ. ಮಗಳಿಗೆ ಮೊದಲೇ ಹೇಳಿಕೊಡಿ: ತಿನ್ನುವಾಗ, ಮಲಗಿದಾಗ ಹತ್ತಿರ ಹೋಗಬಾರದು, ತಬ್ಬಿಕೊಳ್ಳಬಾರದು, ಅದು ತಾನಾಗಿ ಬಂದರೆ ಮಾತ್ರ ಎದೆ ಹತ್ತಿರ ಸವರಬೇಕು. ನಾಯಿ ಗುರ್ ಅಂದರೆ ಹೊಡೆಯಬೇಡಿ. ನನಗೆ ಹೆದರಿಕೆ ಆಗಿದೆ, ದೂರ ಹೋಗಿ ಅಂತ ಅದು ಹೇಳುವ ರೀತಿ ಅದು. ಅದನ್ನು ಬಾಯಿ ಮುಚ್ಚಿಸಿದರೆ ಮುಂದಿನ ಸಲ ಹೇಳದೇ ಕಚ್ಚುತ್ತದೆ. ಎಷ್ಟೇ ಸಾಧು ಆದರೂ ಮಗು ಮತ್ತು ನಾಯಿ ಎರಡನ್ನೇ ಒಂದು ಕೋಣೆಯಲ್ಲಿ ಬಿಟ್ಟು ಹೋಗಬೇಡಿ.

ತಂದ ದಿನವೇ ಪಶು ವೈದ್ಯರಿಗೆ ತೋರಿಸಿ. ಲಸಿಕೆಯ ಕಾರ್ಡ್ ಇಲ್ಲ ಅಂದರೆ ಏನೂ ಹಾಕಿಲ್ಲ ಅಂತಲೇ ತಿಳಿದು ಮೊದಲಿಂದ ಹಾಕಿಸಿ. ರೇಬೀಸ್ ಲಸಿಕೆ ಪ್ರತಿ ವರ್ಷ ತಪ್ಪಬಾರದು. ಯಾರಿಗಾದರೂ ಅದರ ಹಲ್ಲು, ಉಗುರು ತಾಗಿ ರಕ್ತ ಬಂದರೆ, ಬರೀ ತರಚಿದರೂ ಸರಿ, ಹರಿಯುವ ನೀರಲ್ಲಿ 15 ನಿಮಿಷ ಸೋಪು ಹಾಕಿ ತೊಳೆದು ಆಸ್ಪತ್ರೆಗೆ ಹೋಗಿ, ನಾಳೆ ನೋಡೋಣ ಅನ್ನಬೇಡಿ. ನಾಯಿಯ ರಕ್ತ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ರಾಣಾಗೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣೆ ಹುಳದಿಂದ ಬರುವ ಜ್ವರ ಇತ್ತು. ಮೊದಲು ತೋರಿಸಿದ ಕಡೆ ಬರೀ ನಿಶ್ಶಕ್ತಿ ಅಂತ ಟಾನಿಕ್ ಕೊಟ್ಟು ಕಳಿಸಿದ್ದರು. ಒಂದು ಬೆಳಿಗ್ಗೆ ಮೂಗಿನಿಂದ ರಕ್ತ ಬಂದಾಗ ಇನ್ನೊಬ್ಬರ ಹತ್ತಿರ ಓಡಿದೆವು. 28 ದಿನ ಮಾತ್ರೆ ನುಂಗಿಸಬೇಕಾಯಿತು. ಊಟ ಬಿಟ್ಟರೆ, ವಸಡು ಬಿಳಿಚಿಕೊಂಡರೆ ಕಾಯಬೇಡಿ.

ಮುಧೋಳ ನಾಯಿಯದೇ ಕೆಲವು ವಿಷಯ ಇವೆ. ತಲೆ ಸಣ್ಣದು, ಕುತ್ತಿಗೆ ಉದ್ದ. ಸಾದಾ ಪಟ್ಟಿ ಹಾಕಿದರೆ ಒಂದೇ ಎಳೆತಕ್ಕೆ ಕಳಚಿಕೊಂಡು ಓಡುತ್ತದೆ. ಎದೆ ಸುತ್ತ ಬರುವ ಹಾರ್ನೆಸ್ ತಗೊಳ್ಳಿ. ದೂರದಲ್ಲಿ ಅಳಿಲು ಓಡಿದರೂ ಅದರ ಕಣ್ಣು ಅಲ್ಲೇ, ಆಗ ನೀವು ಕರೆದದ್ದು ಕೇಳಿಸುವುದಿಲ್ಲ. ರಸ್ತೆಯಲ್ಲಿ ಹಗ್ಗ ಬಿಡಲೇಬೇಡಿ. ಮೈಮೇಲೆ ಕೊಬ್ಬು ಕಡಿಮೆ, ಕೂದಲು ಗಿಡ್ಡ, ಮಳೆಗಾಲದ ಚಳಿ ತಡೆಯದು, ಅದಕ್ಕೇ ಕೌದಿ ಬೇಕು. ಆಪರೇಷನ್ ಮಾಡಿಸುವಾಗ ತಳಿ ಯಾವುದು ಅಂತ ವೈದ್ಯರಿಗೆ ಹೇಳಿ. ಇಂಥ ಬೇಟೆ ನಾಯಿಗಳಿಗೆ ಕೆಲವು ಅರಿವಳಿಕೆ ಔಷಧಿಗಳ ಅಮಲು ಬೇಗ ಇಳಿಯುವುದಿಲ್ಲ. ಪಕ್ಕೆಲುಬು ಸ್ವಲ್ಪ ಕಾಣುವುದು ಸಹಜ. ಓಣಿಯವರು ಊಟ ಹಾಕೋದಿಲ್ಲೇನ್ರಿ ಅಂತ ಕೇಳಿಯೇ ಕೇಳುತ್ತಾರೆ, ಬೇಜಾರಾಗಬೇಡಿ.

ಊಟದಲ್ಲಿ ನಮ್ಮ ಕಡೆಯ ಮನೆಗಳಲ್ಲಿ ಒಂದು ತಪ್ಪು ಜಾಸ್ತಿ. ಉಳಿದ ಸಾರು, ಪಲ್ಯ ಕಲಸಿ ಹಾಕುತ್ತೇವೆ. ಅದರಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿ ಇದ್ದೇ ಇರುತ್ತದೆ, ಎರಡೂ ನಾಯಿಯ ರಕ್ತ ಕೆಡಿಸುತ್ತವೆ. ದ್ರಾಕ್ಷಿ, ಒಣದ್ರಾಕ್ಷಿಯಿಂದ ಮೂತ್ರಪಿಂಡ ಹೋಗಬಹುದು. ಬೇಯಿಸಿದ ಕೋಳಿ ಎಲುಬು ಸೀಳಿ ಕರುಳಿಗೆ ಚುಚ್ಚುತ್ತದೆ. ನಾವು ಎಲುಬು ತೆಗೆದ ಕೋಳಿ, ಅನ್ನ, ಮೊಟ್ಟೆ, ಸ್ವಲ್ಪ ಜೋಳದ ರೊಟ್ಟಿ, ಮೊಸರು ಕೊಡುತ್ತೇವೆ. ಔಷಧಿ ಬಿಟ್ಟು ತಿಂಗಳಿಗೆ ನಾಲ್ಕು ಸಾವಿರ ರೂಪಾಯಿ ಹತ್ತಿರ ಆಗುತ್ತದೆ.

ಬಾಡಿಗೆ ಮನೆ ಅಲ್ವಾ, ಮಾಲೀಕರ ಒಪ್ಪಿಗೆಯನ್ನು ಬರೆಸಿಕೊಳ್ಳಿ. ಬೆಳಿಗ್ಗೆ ಆರಕ್ಕೆ ಯಾರು ಓಡಾಡಿಸುತ್ತಾರೆ ಅನ್ನುವುದು ಇವತ್ತೇ ತೀರ್ಮಾನ ಆಗಲಿ. ಏಪ್ರಿಲ್, ಮೇ ಬಿಸಿಲಲ್ಲಿ ಡಾಂಬರು ಅಂಗಾಲು ಸುಡುತ್ತದೆ, ಬಿಸಿಲು ಏರುವ ಮುಂಚೆ ಹೋಗಿ ಬರಬೇಕು. ಗಣಪತಿ ಮೆರವಣಿಗೆ, ದೀಪಾವಳಿ ರಾತ್ರಿಗಳಲ್ಲಿ ಕಿಟಕಿ ಬಾಗಿಲು ಹಾಕಿ ಯಾರಾದರೂ ಜೊತೆಯಲ್ಲೇ ಇರಬೇಕು. ಪಟಾಕಿಗೆ ಹೆದರಿ ಓಡಿಹೋದ ನಾಯಿಗಳು ಎಷ್ಟೋ ಸಲ ಮರಳಿ ಸಿಗುವುದಿಲ್ಲ.

ನನಗೆ ನಿಮ್ಮ ಅತ್ತೆಯವರದೇ ಯೋಚನೆ. ನಮ್ಮ ಅವ್ವ ಮೊದಲ ದಿನ, "ಇಷ್ಟ್ ದೊಡ್ಡ ನಾಯಿ ಮನ್ಯಾಗ ಯಾಕ ಬೇಕಿತ್ತೋ?" ಅಂದು ಅಡುಗೆಮನೆ ಬಾಗಿಲು ಹಾಕಿಕೊಂಡಿದ್ದಳು. ಅವಳನ್ನು ಯಾರೂ ಒತ್ತಾಯ ಮಾಡಲಿಲ್ಲ. ನಾಲ್ಕನೇ ತಿಂಗಳು ಒಂದು ಮಧ್ಯಾಹ್ನ ಅವಳು ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ರಾಣಾ ಹೋಗಿ ಅವಳ ಪಾದದ ಮೇಲೆ ಗದ್ದ ಇಟ್ಟು ಮಲಗಿತು. ಅವ್ವ ಕಾಲು ಜೋಮು ಹಿಡಿದರೂ ತೆಗೆಯಲಿಲ್ಲ.

ನಿಮ್ಮ ಅತ್ತೆಯವರನ್ನು ಒಂದು ಸಲ ನಾಯಿ ಇರುವ ಜಾಗಕ್ಕೇ ಕರೆದುಕೊಂಡು ಹೋಗಿ. ಅವತ್ತು ಮಗಳು ಬೇಡ. ಅರ್ಧ ಗಂಟೆ ದೂರದಲ್ಲಿ ಕೂತು ಬನ್ನಿ. ಅವರು ಬೇಡವೇ ಬೇಡ ಅಂದರೆ ಈ ಸಲ ಬಿಡಿ. ನೋಡೋಣ ಅಂದರೆ ಮರುದಿನವೇ ಹಾರ್ನೆಸ್ ತಗೊಂಡು ಹೋಗಿ.